ಫಲಕ್‌ನುಮಾ ಅರಮನೆ ಮತ್ತು ನಮ್ಮ ಆಯಿಯ ಪಾಯಗಾ

ನಾನು ಕೆಲಸ ಮಾಡುವ ಹೈಟೆಕ್ ಸಿಟಿಯಲ್ಲಿ ನಿಲ್ಲುವ ಎಂಎಂಟಿಎಸ್ ರೈಲುಗಳಲ್ಲಿ ಕೆಲವಕ್ಕೆ 'ಫಲಕ್‌ನುಮಾ' ಎಂಬ ಬೋರ್ಡು ಇರುತ್ತದೆ. ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದ ಹೊಸದರಲ್ಲಿ ನನಗೆ ಅದು ಕೊನೆಯ ಸ್ಟೇಷನ್ನಿನ ಹೆಸರು, ಅಷ್ಟೆ. ಅಲ್ಲೊಂದು ಅರಮನೆ ಇದೆ, ಅದು ಈಗ ತಾಜ್ ಹೋಟೆಲ್ ಆಗಿದೆ, ಅಲ್ಲಿ ಸಿನಿಮಾದವರ ಮದುವೆಯಾಗುತ್ತದೆ ಎಂದು ಆಮೇಲೆ ಗೊತ್ತಾಯಿತು. ಒಳಗೆ ಕಾಲಿಟ್ಟಿದ್ದು ಮಾತ್ರ ಎಷ್ಟೋ ವರ್ಷಗಳ ನಂತರ, ಆಫೀಸಿನ ಒಂದು ಡಿನ್ನರ್‌ಗಾಗಿ. ಅಂದು ಮನೆಗೆ ಬಂದು ಅಮ್ಮನ ಮುಂದೆ ಫೋಟೊ ತೋರಿಸುತ್ತಾ ಕೂತಿದ್ದಾಗ, ಪಕ್ಕದಲ್ಲಿ ತೊಗರಿಬೇಳೆ ಆರಿಸುತ್ತಿದ್ದ ನಮ್ಮ ಆಯಿ ತಲೆ ಎತ್ತದೆ ಕೇಳಿದಳು: "ಯಾರ ಮನಿ ಅದು?"

ಬೀದರ್ ಕಡೆಯವರಾದ ನಾವು ಅಜ್ಜಿಗೆ ಆಯಿ ಅನ್ನುತ್ತೇವೆ. ಆಯಿಯ ತವರು ಚಿಟಗುಪ್ಪದ ಹತ್ತಿರದ ಹಳ್ಳಿ. ಮೊಣಕಾಲಿನ ಚಿಕಿತ್ಸೆಗೆಂದು ಬಂದವಳು ನಮ್ಮ ಜೊತೆಯಲ್ಲೇ ಉಳಿದುಕೊಂಡಿದ್ದಾಳೆ. ನಾನು ಗೂಗಲ್ ಮಾಡಿಕೊಂಡಿದ್ದನ್ನು ಒಪ್ಪಿಸಿದೆ: ಮೊದಲು ವಿಕಾರ್-ಉಲ್-ಉಮ್ರಾ ಅನ್ನುವ ನವಾಬ ಕಟ್ಟಿಸಿದ್ದು ಆಯಿ, ಪಾಯಗಾ ಮನೆತನದವನು, ಆಮೇಲೆ ನಿಜಾಮ ತಗೊಂಡ.

ಪಾಯಗಾ ಎನ್ನುತ್ತಲೇ ಆಯಿಯ ಕೈ ನಿಂತಿತು. "ಪಾಯಗಾದವ್ರ ಮನಿ ಏನು? ಹಂಗಂದ್ರ ನಮ್ಮ ಜ್ವಾಳದ ರೊಕ್ಕಾನೂ ಅದರಾಗ ಅದ ಅನ್ನು."

ನಮ್ಮಪ್ಪನಿಗೂ ಸರಿಯಾಗಿ ಗೊತ್ತಿರದಿದ್ದ ಆ ಒಂದು ಪದದ ಹಿಂದೆ ನಾನು ಮೂರು ತಿಂಗಳ ವಾರಾಂತ್ಯಗಳನ್ನು ಕಳೆದೆ. ಓದಿದ್ದನ್ನೂ ಕಂಡಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮನ ನಂತರದ ಸ್ಥಾನದಲ್ಲಿದ್ದ ಕುಲೀನ ಮನೆತನವೇ ಪಾಯಗಾ. ನಿಜಾಮನ ಸ್ವಂತ ರಕ್ಷಣೆಗೆ ಕುದುರೆ ದಂಡನ್ನು ಸಾಕುವುದು ಅವರ ವಂಶಪಾರಂಪರ್ಯ ಹೊಣೆ. ಅದರ ಖರ್ಚಿಗೆಂದು ಅವರಿಗೆ ಊರೂರುಗಳನ್ನೇ ಜಾಗೀರಾಗಿ ಬಿಟ್ಟುಕೊಡಲಾಗಿತ್ತು. ನಿಜಾಮನ ಮನೆಯ ಹೆಣ್ಣುಮಕ್ಕಳನ್ನು ಮದುವೆಯಾಗುವಷ್ಟು ನೆಂಟಸ್ತಿಕೆಯೂ ಇತ್ತು. 19ನೇ ಶತಮಾನದ ಕೊನೆಯ ಹೊತ್ತಿಗೆ ಮನೆತನ ಮೂರು ಕವಲಾಗಿತ್ತು: ಖುರ್ಷಿದ್ ಜಾಹ್, ಆಸ್ಮಾನ್ ಜಾಹ್ ಮತ್ತು ನಮ್ಮ ಕಥೆಯ ವಿಕಾರ್-ಉಲ್-ಉಮ್ರಾ. ಇವರ ಕೈಯಲ್ಲಿದ್ದ ಪಾಯಗಾ ತಾಲೂಕುಗಳಲ್ಲಿ ಬೀದರ್ ಕಡೆಯ ಚಿಟಗುಪ್ಪ, ಹುಮನಾಬಾದ್, ಕಲಬುರಗಿ ಕಡೆಯ ಆಳಂದ ಎಲ್ಲ ಇದ್ದವು. ಅಲ್ಲಿ ಕಂದಾಯ ಎತ್ತುವುದಷ್ಟೇ ಅಲ್ಲ, ಕಚೇರಿ, ಕೋರ್ಟು, ಪೊಲೀಸು ಎಲ್ಲ ಪಾಯಗಾದವರದ್ದೇ. ಆಯಿಗೆ ನೆನಪಿರುವುದೂ ಅದೇ. ಅವಳಪ್ಪ ಕಂದಾಯ ಕಟ್ಟಲು ಹೋಗುತ್ತಿದ್ದುದು 'ಸರ್ಕಾರಕ್ಕೆ' ಅಲ್ಲ, 'ಪಾಯಗಾಕ್ಕೆ'. ರಾಶಿ ಮುಗಿದ ಮೇಲೆ ಮೊದಲ ಮಾತೇ ಪಾಯಗಾದ್ದು, ಆಮೇಲೆ ಮನೆಯದ್ದು, ಕೊನೆಗೆ ಮದುವೆಗೆ ಬಂದ ಹೆಣ್ಣುಮಕ್ಕಳದ್ದು.

ಯಾವ ಹೊಲದ ಯಾವ ರೂಪಾಯಿ ಫಲಕ್‌ನುಮಾದ ಯಾವ ಕಂಬಕ್ಕೆ ಹೋಯಿತು ಎಂದು ಲೆಕ್ಕ ತೆಗೆಯಲು ಬರುವುದಿಲ್ಲ. ಮೂರು ಕವಲಿನ ಹಣ ಒಂದೇ ಪೆಟ್ಟಿಗೆಯಲ್ಲಿ ಇರುತ್ತಿರಲಿಲ್ಲ. ಆದರೆ ಪಾಯಗಾ ಸಿರಿವಂತಿಕೆ ಎಂದರೆ ಮೂಲದಲ್ಲಿ ಜೋಳ, ತೊಗರಿ, ಹತ್ತಿ ಬೆಳೆಯುವ ಇಂಥ ನೂರಾರು ಹಳ್ಳಿಗಳ ಕಂದಾಯವೇ. ಆಯಿಯ ಲೆಕ್ಕ ಇಷ್ಟರಮಟ್ಟಿಗೆ ಸರಿ.

ಇನ್ನು ಅರಮನೆಗೆ ಬರೋಣ. 1884ರ ಮಾರ್ಚ್ 3ರಂದು ಅಡಿಗಲ್ಲು. ಚಾರ್‌ಮಿನಾರ್‌ನಿಂದ ದಕ್ಷಿಣಕ್ಕೆ ಸುಮಾರು 5 ಕಿಲೋಮೀಟರ್ ದೂರದ ಬಂಡೆಗುಡ್ಡದ ಮೇಲೆ, 32 ಎಕರೆ ಜಾಗ. ವಿಲಿಯಂ ವಾರ್ಡ್ ಮ್ಯಾರೆಟ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯ ನಕ್ಷೆ, ಇಟಲಿಯ ಅಮೃತಶಿಲೆ. ಕಟ್ಟಿ ಮುಗಿಸಲು ಸುಮಾರು 9 ವರ್ಷ. ಅರಮನೆ 2,000 ಅಡಿ ಎತ್ತರದಲ್ಲಿದೆ ಎಂದು ಎಲ್ಲ ಬ್ರೋಷರ್‌ಗಳಲ್ಲೂ ಬರೆದಿರುತ್ತದೆ. ಅದು ಸಮುದ್ರಮಟ್ಟದಿಂದ! ಹೈದರಾಬಾದ್ ಊರೇ ಸುಮಾರು 1,780 ಅಡಿ ಎತ್ತರದಲ್ಲಿದೆ. ಎಂಜಿನಿಯರ್ ಆದ ಮೇಲೆ ಇಂಥದ್ದನ್ನು ಹೇಳದೆ ಇರಲಾಗುವುದಿಲ್ಲ, ಕ್ಷಮಿಸಿ. ಹಾಗಿದ್ದರೂ ಆ ಮೆಟ್ಟಿಲ ಮೇಲೆ ನಿಂತರೆ ಇಡೀ ಹಳೇ ಊರು ಕಾಲಡಿ ಹರಡಿಕೊಂಡಿರುವುದು ನಿಜ. ಫಲಕ್ ಎಂದರೆ ಆಕಾಶ, ನುಮಾ ಎಂದರೆ ಅದರಂತೆ ತೋರುವುದು. ಆಕಾಶದ ಕನ್ನಡಿ ಎಂದೂ ಅರ್ಥ ಹೇಳುತ್ತಾರೆ.

ಮೇಲಿನಿಂದ ನೋಡಿದರೆ ಕಟ್ಟಡ ಚೇಳಿನ ಆಕಾರದಲ್ಲಿದೆ. ಉತ್ತರಕ್ಕೆ ಎರಡು ರೆಕ್ಕೆಗಳು ಚಾಚಿಕೊಂಡಿವೆ. ನಡುವೆ ಮುಖ್ಯ ಕಟ್ಟಡ. ಅದರ ಹಿಂದೆ ಅಡುಗೆಮನೆ, ಗೋಲ್ ಬಂಗ್ಲಾ, ದಕ್ಷಿಣಕ್ಕೆ ಜನಾನಾ ಮಹಲ್. ಅಂದರೆ ಬಂದವರಿಗೆ ಕಾಣುವ ಮುಖವೆಲ್ಲ ಗಂಡಸರದ್ದು. ಹೆಣ್ಣುಮಕ್ಕಳು ಬಾಲದ ಕಡೆ.

ನಮ್ಮ ತಂಡ ಆಫೀಸ್ ಡಿನ್ನರ್‌ಗೆ ಹೋದಾಗ ಇದೆಲ್ಲ ನನ್ನ ಗಮನಕ್ಕೇ ಬಂದಿರಲಿಲ್ಲ. ಕಣ್ಣು ಕುಕ್ಕುವಂಥ ವಸ್ತುಗಳು ಅಷ್ಟಿವೆ. 101 ಜನ ಒಟ್ಟಿಗೆ ಕೂತು ಉಣ್ಣುವ ಮೇಜು. 2017ರಲ್ಲಿ ಪ್ರಧಾನಿ ಮೋದಿಯವರು ಇವಾಂಕಾ ಟ್ರಂಪ್ ಮತ್ತಿತರರಿಗೆ ಔತಣ ಕೊಟ್ಟಿದ್ದು ಇದೇ ಅರಮನೆಯಲ್ಲಿ. ವಿಂಡ್ಸರ್ ಕ್ಯಾಸಲ್‌ನದ್ದನ್ನು ನೋಡಿ ಮಾಡಿಸಿದ, ಕೆತ್ತನೆಯ ವಾಲ್‌ನಟ್ ಮರದ ಚಾವಣಿಯ ಗ್ರಂಥಾಲಯ. ಬಾಲ್‌ರೂಮಿನಲ್ಲಿ ಎರಡು ಟನ್ ತೂಕದ ಆರ್ಗನ್ ವಾದ್ಯ. ಬರೋಸ್ ಅಂಡ್ ವಾಟ್ಸ್ ಕಂಪನಿಯ ಬಿಲಿಯರ್ಡ್ಸ್ ಮೇಜು. ನನಗೆ ಇವೆಲ್ಲಕ್ಕಿಂತ ಇಷ್ಟವಾಗಿದ್ದು ಹಳೇ ವಿದ್ಯುತ್ ಸ್ವಿಚ್‌ಬೋರ್ಡ್. ಇಡೀ ಅರಮನೆಯ ದೀಪಗಳನ್ನು ನಿಯಂತ್ರಿಸುತ್ತಿದ್ದ ಅದು ಒಂದು ಗೋಡೆಯಷ್ಟೇ ದೊಡ್ಡದು. ನಮ್ಮ ಡೇಟಾ ಸೆಂಟರ್‌ನ ಅಜ್ಜ ಎಂದು ಸಹೋದ್ಯೋಗಿಯೊಬ್ಬರು ತಮಾಷೆ ಮಾಡಿದರು. ಗೋಡೆಯಲ್ಲಿ, ಚಾವಣಿಯಲ್ಲಿ, ಕುರ್ಚಿಗಳಲ್ಲಿ ಅಲ್ಲಲ್ಲಿ ಎರಡು ಇಂಗ್ಲಿಷ್ ಅಕ್ಷರಗಳು ಹೆಣೆದುಕೊಂಡಿವೆ: ವಿ ಮತ್ತು ಓ. ವಿಕಾರ್-ಉಲ್-ಉಮ್ರಾನ ಗುರುತು ಅದು. ಅರಮನೆ ಕೈಬಿಟ್ಟು ಹೋದ ಮೇಲೂ ಅಕ್ಷರ ಉಳಿದುಕೊಂಡಿದೆ.

ಕೈಬಿಟ್ಟು ಹೋಗಿದ್ದು ಸಾಲದಿಂದ. 1893ರಿಂದ 1901ರವರೆಗೆ ಈ ನವಾಬ ಹೈದರಾಬಾದಿನ ಪ್ರಧಾನಮಂತ್ರಿ. ಆದಾಯ ಕಡಿಮೆಯೇನಿರಲಿಲ್ಲ. ಆದರೂ ಈ ಒಂದು ಮನೆ ಅವನನ್ನು ಕುತ್ತಿಗೆಮಟ್ಟ ಸಾಲದಲ್ಲಿ ಮುಳುಗಿಸಿತು. ಮುಂದಿನದನ್ನು ಎಲ್ಲ ಗೈಡ್‌ಗಳೂ ಒಂದು ಕಥೆಯಾಗಿ ಹೇಳುತ್ತಾರೆ. ನವಾಬನ ಹೆಂಡತಿಗೆ ಒಂದು ಉಪಾಯ ಹೊಳೆಯಿತಂತೆ. ಆರನೇ ನಿಜಾಮ ಮಹಬೂಬ್ ಅಲಿ ಖಾನರನ್ನು ಅತಿಥಿಯಾಗಿ ಕರೆಯಿರಿ, ಉಪಚಾರದಲ್ಲಿ ಏನೂ ಕಡಿಮೆ ಮಾಡಬೇಡಿ, ಉಳಿದದ್ದು ತಾನಾಗಿ ಆಗುತ್ತದೆ ಎಂದಳಂತೆ. ನಿಜಾಮ ಬಂದ. ಒಂದು ದಿನಕ್ಕೆಂದು ಬಂದವನು ಇನ್ನೊಂದು ದಿನ ಉಳಿದ, ಮತ್ತೊಂದು ದಿನ ಉಳಿದ. ಮನೆ ಅಷ್ಟು ಹಿಡಿಸಿತೆಂದರೆ ಹುಜೂರ್, ಇದು ತಮ್ಮದೇ ಎಂದು ನವಾಬ ಕಾಣಿಕೆಯಾಗಿ ಒಪ್ಪಿಸಿದ. ನಿಜಾಮ ಅದನ್ನು ಬಿಟ್ಟಿಯಾಗಿ ಪಡೆಯದೆ ಬೆಲೆ ಕೊಟ್ಟ, ನವಾಬನ ಸಾಲ ತೀರಿತು. 1897ರ ಸುಮಾರಿಗೆ ಅರಮನೆ ನಿಜಾಮನ ಪಾಲಾಗಿದ್ದು ಇತಿಹಾಸ. ಅದರ ಹಿಂದಿನ ಉಪಾಯ ಬಾಯಿಮಾತಿನ ಕಥೆ. ನನಗಂತೂ ನಂಬಬೇಕೆನಿಸುತ್ತದೆ. ಗಂಡ ಹಟಕ್ಕೆ ಬಿದ್ದು ಮನೆ ಕಟ್ಟಿಸಿ ಸಾಲ ಮಾಡಿದಾಗ, ಮರ್ಯಾದೆ ಹೋಗದ ಹಾಗೆ ಅದನ್ನು ದಾಟಿಸುವ ದಾರಿ ಹುಡುಕುವವರು ಯಾರು ಎಂದು ಇದನ್ನು ಓದುತ್ತಿರುವ ನಿಮಗೆ ನಾನು ಹೇಳಬೇಕಿಲ್ಲ. ಕಥೆಯಲ್ಲಿ ಆಕೆಗೆ ಸಿಕ್ಕಿರುವ ಹೆಸರು 'ಲೇಡಿ ವಿಕಾರ್-ಉಲ್-ಉಮ್ರಾ' ಮಾತ್ರ, ಅಂದರೆ ಗಂಡನ ಬಿರುದೇ.

ಆ ಮೇಲೆ ಅರಮನೆ ನಿಜಾಮನ ರಾಜ ಅತಿಥಿಗೃಹವಾಯಿತು. 1906ರಲ್ಲಿ ಆಗಿನ್ನೂ ಯುವರಾಜನಾಗಿದ್ದ ಐದನೇ ಜಾರ್ಜ್ ಪತ್ನಿ ಮೇರಿಯೊಂದಿಗೆ ಬಂದು ಉಳಿದಿದ್ದರು. ಮಹಬೂಬ್ ಅಲಿ ಖಾನ್ ಕೊನೆಯುಸಿರೆಳೆದದ್ದೂ ಇಲ್ಲೇ, 1911ರ ಆಗಸ್ಟ್‌ನಲ್ಲಿ. ಮುಂದೆ ಬಂದ ಏಳನೇ ನಿಜಾಮ ಉಸ್ಮಾನ್ ಅಲಿ ಖಾನ್ ಇಲ್ಲಿ ವಾಸಿಸಲೇ ಇಲ್ಲ. ಜಗತ್ತಿನ ಅತಿ ಶ್ರೀಮಂತ ಎಂದು 1937ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಬಂದವನು, ಇದ್ದದ್ದು ಕಿಂಗ್ ಕೋಠಿಯಲ್ಲಿ, ಬಹಳ ಸಾದಾ ಆಗಿ. ಅಪ್ಪನ ಹಳೇ ಚಪ್ಪಲಿಯ ತುದಿಯಲ್ಲಿ ಸಿಕ್ಕ ಜೇಕಬ್ ವಜ್ರವನ್ನು ಪೇಪರ್‌ವೇಟ್ ಮಾಡಿಕೊಂಡಿದ್ದ ಎನ್ನುವ ಕಥೆ ಇವನದ್ದೇ.

ಫಲಕ್‌ನುಮಾಕ್ಕೆ ಬಂದ ಕೊನೆಯ ದೊಡ್ಡ ಅತಿಥಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, 1951ರಲ್ಲಿ. ಅಷ್ಟರಲ್ಲಿ ಕಾಲವೇ ಬದಲಾಗಿತ್ತು. 1948ರ ಸೆಪ್ಟೆಂಬರ್ 17ಕ್ಕೆ ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ಭಾರತದೊಳಗೆ ಬಂತು. 1949ರಲ್ಲಿ ಜಾಗೀರುಗಳು ರದ್ದಾದವು. ಸಂಸ್ಥಾನದ ನೆಲದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಜಾಗೀರುಗಳಲ್ಲೇ ಇತ್ತು ಎಂದ ಮೇಲೆ ಇದು ಸಣ್ಣ ಸಂಗತಿಯಲ್ಲ. ಆಯಿಗೆ ಆಗ 12-13 ವರ್ಷ. ಅದಕ್ಕೂ ಹಿಂದಿನ ವರ್ಷದ ಹೆದರಿಕೆಯ ಬಗ್ಗೆ, ರಜಾಕಾರರಿಂದಲೂ ಅನಂತರ ಸೇಡು ತೀರಿಸಿಕೊಂಡವರಿಂದಲೂ ಊರಿಗೆ ಬಂದದ್ದರ ಬಗ್ಗೆ ಅವಳು ಹೆಚ್ಚು ಮಾತಾಡುವುದಿಲ್ಲ. ಹೇಳುವುದು ಒಂದೇ: "ಪಾಯಗಾ ಹೋತು ಅಂದ್ರು. ಅಪ್ಪ ಆ ವರ್ಷ ನಂಗ ಬೆಳ್ಳಿ ಕಾಲ್ಗಡಗ ಮಾಡಿಸ್ದ." 1956ರ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರು ಕನ್ನಡ ನಾಡಿಗೆ ಸೇರಿದವು. ರಾಜಧಾನಿಯಾಗಿದ್ದ ಹೈದರಾಬಾದ್ ನಮ್ಮವರ ಪಾಲಿಗೆ ಪರರಾಜ್ಯವಾಯಿತು. ಆದರೆ ದೊಡ್ಡಾಸ್ಪತ್ರೆಗೆ, ಮದುವೆ ಬಟ್ಟೆಗೆ, ಈಗ ಐಟಿ ಕೆಲಸಕ್ಕೆ ನಾವು ಇಂದಿಗೂ ಹೊರಡುವುದು ಇತ್ತಲೇ.

ಅತ್ತ ಅರಮನೆಗೆ ಬೀಗ ಬಿತ್ತು. ಹತ್ತಿರ ಅರ್ಧ ಶತಮಾನ ಅದು ಹಾಗೇ ಇತ್ತು. 1967ರಲ್ಲಿ ಉಸ್ಮಾನ್ ಅಲಿ ಖಾನ್ ತೀರಿಕೊಂಡ ಮೇಲೆ ಎಲ್ಲವೂ ಮೊಮ್ಮಗ ಮುಕರ್ರಂ ಜಾಹ್ ತಲೆಗೆ ಬಂತು. ಆಸ್ತಿಯ ಜೊತೆಗೆ ವ್ಯಾಜ್ಯ, ಸಾವಿರಾರು ಅವಲಂಬಿತರು, 1971ರಲ್ಲಿ ರಾಜಧನವೂ ರದ್ದು. ಆತ ಇದೆಲ್ಲದರಿಂದ ದೂರ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕುರಿಗಳ ದೊಡ್ಡ ಫಾರ್ಮ್ ಕೊಂಡು ಅಲ್ಲಿ ನೆಲೆಸಿದ. ಹಿಂದಿರುಗಿ ಬಂದು ಇದನ್ನು ಕೈಗೆತ್ತಿಕೊಂಡವರು ಅವನ ಮೊದಲ ಹೆಂಡತಿ ಎಸ್ರಾ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೈದರಾಬಾದಿಗೆ ಟರ್ಕಿಯ ಸೊಸೆಯರು ಹೊಸಬರಲ್ಲ. 1931ರಲ್ಲಿ ಉಸ್ಮಾನ್ ಅಲಿ ಖಾನನ ಇಬ್ಬರು ಗಂಡುಮಕ್ಕಳಿಗೆ ಆಟೊಮನ್ ಮನೆತನದ ಇಬ್ಬರನ್ನು ತಂದಿದ್ದರು: ಕೊನೆಯ ಖಲೀಫನ ಮಗಳು ದುರ್ರುಶೆಹ್ವಾರ್ ಮತ್ತು ನೀಲೋಫರ್. ದುರ್ರುಶೆಹ್ವಾರ್ ಹೆಸರಿನ ಆಸ್ಪತ್ರೆ ಹಳೇ ಊರಿನಲ್ಲಿದೆ. ನೀಲೋಫರ್ ತನ್ನ ಸೇವಕಿ ಹೆರಿಗೆಯಲ್ಲಿ ಸತ್ತದ್ದನ್ನು ಕಂಡು ಮರುಗಿ, ತಾಯಿ-ಮಕ್ಕಳಿಗೆಂದೇ ಆಸ್ಪತ್ರೆ ಆಗಲೇಬೇಕೆಂದು ಹಿಡಿದ ಹಟದ ಫಲ ನೀಲೋಫರ್ ಆಸ್ಪತ್ರೆ. ನಮ್ಮ ಬೀದರ್ ಕಡೆಯ ಎಷ್ಟೋ ಕೂಸುಗಳು ಅಲ್ಲಿ ಬದುಕಿವೆ, ನನ್ನ ಚಿಕ್ಕಮ್ಮನ ಮಗನೂ ಸೇರಿ. ಮೂರನೆಯವರು ಎಸ್ರಾ. ದುರ್ರುಶೆಹ್ವಾರ್ ಅವರ ಮಗ ಮುಕರ್ರಂ ಜಾಹ್ ಜೊತೆ 1959ರಲ್ಲಿ ಮದುವೆ, 1970ರ ದಶಕದಲ್ಲಿ ವಿಚ್ಛೇದನ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದ ನಂತರ, 1990ರ ದಶಕದಲ್ಲಿ, ಬಿಟ್ಟುಹೋದ ಗಂಡನ ಮನೆಯ ಕೋರ್ಟು-ಕಚೇರಿಯ ಗಂಟುಗಳನ್ನು ಬಿಡಿಸಲು ಆಕೆ ವಾಪಸ್ ಬಂದರು. ಚೌಮಹಲ್ಲಾ ಅರಮನೆಯನ್ನು ದುರಸ್ತಿ ಮಾಡಿಸಿ ಮ್ಯೂಸಿಯಂ ಆಗಿ ತೆರೆಸಿದರು, ಅದಕ್ಕೆ 2010ರಲ್ಲಿ ಯುನೆಸ್ಕೊ ಪ್ರಶಸ್ತಿಯೂ ಬಂತು. ಫಲಕ್‌ನುಮಾವನ್ನು ಮಾರದೆ ತಾಜ್ ಸಂಸ್ಥೆಗೆ ಗುತ್ತಿಗೆಗೆ ಕೊಟ್ಟರು. ದುರಸ್ತಿ 2000ದಲ್ಲಿ ಶುರುವಾಯಿತು. ಪೀಠೋಪಕರಣ, ಪರದೆ, ತೂಗುದೀಪ, ಬಣ್ಣ, ಎಲ್ಲವೂ ಹಿಂದಿದ್ದಂತೆಯೇ ಆಗಬೇಕೆಂದು ಮೇಲ್ವಿಚಾರಣೆ ನೋಡಿಕೊಂಡರು. ಹೋಟೆಲ್ ತೆರೆದದ್ದು 2010ರ ನವೆಂಬರ್‌ನಲ್ಲಿ. ಅರಮನೆ ಕಟ್ಟಲು 9 ವರ್ಷ, ರಿಪೇರಿಗೆ 10 ವರ್ಷ!

ಈ ಹತ್ತು ವರ್ಷ ನನಗೆ ಆಶ್ಚರ್ಯ ತರಲಿಲ್ಲ. ಹಳೇ ಬ್ಯಾಂಕಿಂಗ್ ಸಾಫ್ಟ್‌ವೇರ್‌ಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು ನನ್ನ ಕೆಲಸ. ಹೊಸದಾಗಿ ಬರೆಯುವುದು ಸುಲಭ. ಯಾರೋ ಬರೆದಿಟ್ಟು ಹೋದದ್ದನ್ನು ಮುರಿಯದೆ ಅದರೊಳಗೆ ಹೊಸದನ್ನು ಕೂರಿಸುವುದೇ ಕಷ್ಟ. 1890ರ ಗೋಡೆಯೊಳಗೆ ಏಸಿ, ನೀರಿನ ಪೈಪು, ಅಗ್ನಿಶಾಮಕ, ವೈ-ಫೈ ಎಲ್ಲ ಹೋಗಬೇಕು, ಹೋಗಿದ್ದು ಕಾಣಬಾರದು. ಮಾಡಿದವರಿಗೆ ನನ್ನ ನಮಸ್ಕಾರ.

ಕಳೆದ ಚಳಿಗಾಲದಲ್ಲಿ ಆಯಿಯನ್ನೂ ಅಮ್ಮನನ್ನೂ ಕರೆದುಕೊಂಡು ಹೈ ಟೀಗೆ ಹೋದೆ. ಖರ್ಚನ್ನು ಆಯಿಗೆ ಹೇಳಿರಲಿಲ್ಲ. ಕೆಳಗಿನ ಗೇಟಿನಿಂದ ಮೇಲೆ ಕುದುರೆ ಸಾರೋಟಿನಲ್ಲಿ ಕರೆದೊಯ್ಯುತ್ತಾರೆ. ಆಯಿ ಇಳಕಲ್ ಸೀರೆಯ ಸೆರಗು ಹೊದ್ದು, ನೆಂಟರ ಮನೆಗೆ ಹೊರಟ ಹಾಗೆ ನೇರ ಕೂತಿದ್ದಳು. ಮೆಟ್ಟಿಲು ಹತ್ತುವಾಗ ಮೇಲಿನಿಂದ ಗುಲಾಬಿ ಎಸಳು ಸುರಿದರು. "ಮದುವಿ ಯಾರದವ್ವಾ?" ಎಂದಳು.

ಒಳಗೆ ಅಮೃತಶಿಲೆಯ ದೊಡ್ಡ ಮೆಟ್ಟಿಲಸಾಲು. ಗೋಡೆಯುದ್ದಕ್ಕೂ ವೈಸ್‌ರಾಯ್‌ಗಳ, ಗವರ್ನರ್ ಜನರಲ್‌ಗಳ ಚಿತ್ರಪಟಗಳು. ಆಯಿ ಮೊಣಕಾಲಿಗೆ ವಿಶ್ರಾಂತಿ ಕೊಡಲು ಅಲ್ಲೇ ಒಂದು ಕುರ್ಚಿಯಲ್ಲಿ ಕೂತು ಅವನ್ನೆಲ್ಲ ಒಂದೊಂದಾಗಿ ನೋಡಿದಳು. ನೋಡಿ ಮುಗಿದ ಮೇಲೆ, ನಮಗೆ ಅರಮನೆ ತೋರಿಸುತ್ತಿದ್ದ ಹುಡುಗನನ್ನು ಉರ್ದುವಿನಲ್ಲಿ ಕೇಳಿದಳು, ಹೆಂಗಸರು ಎಲ್ಲಿರುತ್ತಿದ್ದರಪ್ಪ ಎಂದು. ಆಯಿಗೆ ಓದು ಬರೆಹ ಕಡಿಮೆ. ಆದರೆ ನಿಜಾಮ್ ಕಾಲದ ಉರ್ದು ಚೆನ್ನಾಗಿ ಬರುತ್ತದೆ. ಹುಡುಗ ಬೆರಗಾಗಿ, ಬಹಳ ಮರ್ಯಾದೆಯಿಂದ, ಹಿಂದುಗಡೆ ಜನಾನಾ ಇತ್ತು ದಾದೀಮಾ ಎಂದು ಕೈ ತೋರಿಸಿದ. ಆಯಿ ಆ ಕಡೆ ಸ್ವಲ್ಪ ಹೊತ್ತು ನೋಡಿದಳು. ನಂತರ ನನ್ನತ್ತ ತಿರುಗಿ, "ಅಲ್ಲಿಂದ ಊರು ಕಾಣ್ತಿತ್ತೋ ಇಲ್ಲೋ" ಎಂದಳು. ಅದಕ್ಕೆ ಅವನ ಬಳಿಯೂ ನನ್ನ ಬಳಿಯೂ ಉತ್ತರವಿರಲಿಲ್ಲ.

ಟೀ ಕುಡಿಯುತ್ತಾ ಅಮ್ಮ ಮತ್ತು ನಾನು ಒಂದು ಸಣ್ಣ ಜಗಳವನ್ನೇ ಆಡಿದೆವು. ಇಷ್ಟು ಚೆಂದದ ಜಾಗಕ್ಕೆ ದುಡ್ಡಿದ್ದವರು ಮಾತ್ರ ಬರುವ ಹಾಗಾಯಿತಲ್ಲ, ಚೌಮಹಲ್ಲಾದಂತೆ ಮ್ಯೂಸಿಯಂ ಮಾಡಿದ್ದರೆ ಶಾಲೆ ಮಕ್ಕಳೂ ಟಿಕೆಟ್ ತಗೊಂಡು ನೋಡುತ್ತಿದ್ದರು ಎಂದು ಅಮ್ಮನ ವಾದ. ಅಮ್ಮ ನಿವೃತ್ತ ಶಿಕ್ಷಕಿ, ಹಾಗೇ ಯೋಚಿಸುತ್ತಾಳೆ. ನಾನು ಬೀದರಿನ, ಕಲಬುರಗಿಯ ಎಷ್ಟೋ ಹಳೇ ಮಹಲುಗಳನ್ನು ನೆನೆಸಿಕೊಂಡೆ. ಯಾರದ್ದೂ ಅಲ್ಲದೆ, ಚಾವಣಿ ಕುಸಿದು, ಬಾಗಿಲು ಚೌಕಟ್ಟು ಕಳುವಾಗಿ ನಿಂತಿರುವಂಥವು. ಹತ್ತು ವರ್ಷ ದುಡ್ಡು ಸುರಿಯಲು ಯಾರಾದರೂ ಇರಬೇಕಲ್ಲ? ಆ ದುಡ್ಡು 60 ಕೋಣೆಗಳ ಬಾಡಿಗೆಯಿಂದಲೇ ಹಿಂದಿರುಗಬೇಕಲ್ಲ? ಹೋಟೆಲ್ ಆಗಿರದಿದ್ದರೆ ಆ ವಿ-ಓ ಅಕ್ಷರಗಳ ಚಾವಣಿ ಇವತ್ತಿಗೆ ಗೆದ್ದಲಿನ ಪಾಲಾಗಿರುತ್ತಿತ್ತು ಎಂದೇ ನನ್ನ ಅನಿಸಿಕೆ. ಆದರೆ ಅಮ್ಮನ ಮಾತಿನಲ್ಲಿ ನನಗೆ ಒಪ್ಪಿಗೆಯಾಗುವ ಒಂದು ಭಾಗವಿದೆ. ಅರಮನೆ ತೋರಿಸುವಾಗ ಹೇಳುವ ಕಥೆಯಲ್ಲಿ ಅಮೃತಶಿಲೆ ಎಲ್ಲಿಂದ ಬಂತೆಂದು ಹೇಳುತ್ತಾರೆ, ತೂಗುದೀಪ ಎಲ್ಲಿಂದ ಬಂತೆಂದು ಹೇಳುತ್ತಾರೆ. ದುಡ್ಡು ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಪಾಯಗಾ ಎಂಬ ಪದ ಒಂದು ಬಿರುದಿನ ಹಾಗೆ ಬಂದು ಹೋಗುತ್ತದೆ. ಚಿಟಗುಪ್ಪ, ಹುಮನಾಬಾದ್, ಆಳಂದದ ಹೆಸರು ಒಂದು ಸಾಲಿನಲ್ಲಾದರೂ ಇದ್ದರೆ ಏನು ಕಡಿಮೆಯಾಗುತ್ತಿತ್ತು?

ನಾವು ಎದ್ದಾಗ ಸಂಜೆಯಾಗಿತ್ತು. ಕೆಳಗೆ ಹಳೇ ಊರಿನ ದೀಪಗಳು ಹತ್ತಿಕೊಳ್ಳುತ್ತಿದ್ದವು, ಎಲ್ಲೋ ಅಜಾನ್ ಕೇಳುತ್ತಿತ್ತು. ಆಯಿ ಕಟಕಟೆ ಹಿಡಿದು ನಿಂತು ಚಿಟಗುಪ್ಪ ಯಾವ ಕಡೆ ಎಂದಳು. ಫೋನಿನ ಮ್ಯಾಪ್ ತೆಗೆದು ವಾಯವ್ಯಕ್ಕೆ ತೋರಿಸಿದೆ. "ಭಾಳ ದೂರ ಏನಿಲ್ಲ" ಎಂದಳು. ಮನೆಗೆ ಬಂದ ಮೇಲೆ ಸೆರಗಿನ ಗಂಟು ಬಿಚ್ಚಿದಳು. ಮೆಟ್ಟಿಲ ಮೇಲೆ ನಮ್ಮ ಮೇಲೆ ಸುರಿದಿದ್ದ ಗುಲಾಬಿ ಎಸಳುಗಳು ಅದರಲ್ಲಿದ್ದವು, ಬಾಡಿದ್ದವು. ಒಣಗಿಸಿ ಗುಲ್ಕಂದಕ್ಕೆ ಹಾಕೋಣ ಎಂದು ಅಮ್ಮನಿಗೆ ಹೇಳಿದಳು. ಅಷ್ಟಕ್ಕೆ ಗುಲ್ಕಂದ ಆಗುವುದಿಲ್ಲ ಎಂದು ಅಮ್ಮ ನಕ್ಕರೂ ತಟ್ಟೆಯಲ್ಲಿ ಹರವಿಟ್ಟಳು.

ಹೈದರಾಬಾದಿಗೆ ಬರುವ ಸ್ನೇಹಿತೆಯರಿಗೆ ಒಂದು ಮಾತು. ಫಲಕ್‌ನುಮಾದ ಟೀಗೆ ಮೊದಲೇ ಬುಕ್ ಮಾಡಬೇಕು. ಬೆಳಿಗ್ಗೆ ಬೇಗ ಹೊರಟರೆ ಚೌಮಹಲ್ಲಾ ಮತ್ತು ಸಂತೋಷ್ ನಗರದ ಪಾಯಗಾ ಗೋರಿಗಳನ್ನೂ ಅದೇ ದಿನ ನೋಡಬಹುದು. ಗೋರಿಗಳ ಗಾರೆ ಕೆಲಸ, ಜಾಲಂಧ್ರಗಳನ್ನು ನೋಡಲು ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಆಯಿಗೆ ಈಗ ಅಲ್ಲಿಗೂ ಹೋಗಬೇಕಂತೆ. ಮೊಣಕಾಲು ಒಪ್ಪಿದ ದಿನ ಹೋಗುತ್ತೇವೆ, ಬರುವವರು ತಿಳಿಸಿ.